ಮೀಸಲು ನೆಲ

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಪೂರ್ಣಪಾಠ)



ದೇವಾಲಯದ ಇತಿಹಾಸ, ಶಾಲೆಯ ಇತಿಹಾಸ, ಇಲ್ಲಿ ಸೇವೆ ಸಲ್ಲಿಸಿ ಹೋದ ಗುರುವರ್ಯರ ಚರಿತ್ರೆ ಇವೆಲ್ಲವನ್ನೂ ಬಲ್ಲವರು ಈ ಉಪನ್ಯಾಸಮಾಲೆಯಲ್ಲಿ ಈಗಾಗಲೇ ಹೇಳಿ ಮುಗಿಸಿದ್ದಾರೆ. ನಮ್ಮ ಪಾಲಿಗೆ ಉಳಿದದ್ದು ಬೇರೆಯವರು ಯಾರೂ ಆರಿಸಿಕೊಳ್ಳದ ಒಂದು ವಿಷಯ. ದೇವಾಲಯದ ಹಿಂಬದಿಯಲ್ಲಿರುವ ನಮ್ಮ ತೋಪಿನ ವಿಷಯವೇ ಅದು.

ಕಳೆದ ತಪಸ್ಸುಕಾಲದಲ್ಲಿ ನಡೆದ ಸಭೆ ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಶತಮಾನೋತ್ಸವದ ಗುರುತಾಗಿ ತೋಪಿನ ಜಾಗದಲ್ಲಿ ಸಮುದಾಯ ಭವನವನ್ನೂ ರಸ್ತೆಯ ಬದಿಗೆ ಅಂಗಡಿ ಸಾಲನ್ನೂ ಕಟ್ಟಿಸಬೇಕೆಂದು ಕೆಲವರು ಸೂಚಿಸಿದರು. ತೋಪನ್ನು ತೋಪಾಗಿಯೇ ಬಿಡಬೇಕೆಂದು ಕೆಲವರು ವಾದಿಸಿದರು. ಎರಡು ಕಡೆಯವರಲ್ಲಿಯೂ ಸದುದ್ದೇಶವಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅಂಗಡಿಗಳ ಬಾಡಿಗೆಯಿಂದ ಬಡ ಮಕ್ಕಳ ಶಾಲಾ ಶುಲ್ಕವನ್ನು ಕಟ್ಟಬಹುದೆಂಬ ಮಾತು ಹಗುರವಾದುದಲ್ಲ. ಆದರೆ ಅಂದು ಹಿರಿಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಗೆ ಎರಡು ಕಡೆಯವರಲ್ಲಿ ಯಾರೂ ಉತ್ತರ ಕೊಡಲಾಗಲಿಲ್ಲ. "ಈಗ ನೀವು ಬಿಡುತ್ತೀರಿ, ಸರಿ. ನೀವು ಸತ್ತ ಮೇಲೆ ಬರುವವರು ಬಿಡುತ್ತಾರೆಂದು ಏನು ಭರವಸೆ?" ಎಂದು ಅವರು ಕೇಳಿದ್ದರು. ಸಭೆ ತೀರ್ಮಾನವಿಲ್ಲದೆ ಮುಗಿಯಿತು. ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ.

ಇದೇ ಪ್ರಶ್ನೆಯನ್ನು ಹಿಡಿದುಕೊಂಡು 130 ವರ್ಷಗಳಿಗೂ ಮಿಕ್ಕು ಕೆಲಸ ಮಾಡುತ್ತಿರುವ ಸಂಸ್ಥೆಯೊಂದು ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದೆ. ಬೋಸ್ಟನ್ ಆ ರಾಜ್ಯದ ರಾಜಧಾನಿ. ಇಂತಹ ಸಂಸ್ಥೆಗಳನ್ನು ಅಲ್ಲಿಯವರು ಲ್ಯಾಂಡ್ ಟ್ರಸ್ಟ್ ಎನ್ನುತ್ತಾರೆ. ನಾವು ಭೂನ್ಯಾಸವೆಂದು ಕರೆಯೋಣ. ನ್ಯಾಸವೆಂದರೆ ಒಬ್ಬರು ಮತ್ತೊಬ್ಬರ ನಂಬಿಕೆಯ ಮೇಲೆ ಇರಿಸಿಹೋದ ಒತ್ತೆ. ಒತ್ತೆಯನ್ನು ಇಟ್ಟುಕೊಂಡವನು ಅದರ ಒಡೆಯನಲ್ಲ, ಕಾವಲುಗಾರ. ಆ ಸಂಸ್ಥೆಯ ಹೆಸರು 'ಟ್ರಸ್ಟೀಸ್ ಆಫ್ ರಿಸರ್ವೇಷನ್ಸ್'. ರಿಸರ್ವೇಷನ್ ಎಂದೊಡನೆ ನಮಗೆ ರೈಲಿನ ಟಿಕೀಟೋ ನೌಕರಿಯ ಮೀಸಲಾತಿಯೋ ನೆನಪಾಗುವುದು ಸಹಜ. ಅಲ್ಲಿ ಅದರ ಅರ್ಥ ಮೀಸಲಿಟ್ಟ ನೆಲವೆಂದು. ನಮ್ಮ ಅಜ್ಜಿಯರು ಮೊದಲ ಫಸಲಿನಲ್ಲಿ ಒಂದು ಮೊರದಷ್ಟನ್ನು ಬೇರೆ ತೆಗೆದಿರಿಸಿ "ಇದು ಮೀಸಲು, ಮುಟ್ಟಬೇಡಿ" ಎನ್ನುತ್ತಿದ್ದರಲ್ಲವೆ? ಆ ಅರ್ಥದಲ್ಲಿಯೇ ಈ ಹೆಸರನ್ನು ತಿಳಿಯತಕ್ಕದ್ದು.

1890ರ ಮಾರ್ಚ್ ತಿಂಗಳಲ್ಲಿ 'ಗಾರ್ಡನ್ ಅಂಡ್ ಫಾರೆಸ್ಟ್' ಎಂಬ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಬರೆದವನು ಚಾರ್ಲ್ಸ್ ಎಲಿಯಟ್, ಮೂವತ್ತು ವರ್ಷದ ತರುಣ. ತಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರು. ಮಗನ ವೃತ್ತಿ ಉದ್ಯಾನ ಹಾಗೂ ಭೂದೃಶ್ಯಗಳ ವಿನ್ಯಾಸ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದವರಲ್ಲಿ ಒಬ್ಬರಾದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅವರ ಬಳಿ ಆತ ಕೆಲಸ ಕಲಿತಿದ್ದ. ಬೋಸ್ಟನ್ ಆಗ ವೇಗವಾಗಿ ಬೆಳೆಯುತ್ತಿದ್ದ ನಗರ. ಅಲ್ಲಿಗೆ ಬಂದು ತುಂಬಿದ್ದ ದುಡಿಯುವ ಜನರಲ್ಲಿ ಐರ್ಲೆಂಡಿನ ಕ್ಷಾಮದ ಕಾಲದಿಂದ ವಲಸೆ ಬಂದ ನಮ್ಮ ಮತಬಾಂಧವರ ಕುಟುಂಬಗಳು ಬಹಳ. ಇಕ್ಕಟ್ಟಾದ ಕೇರಿಗಳಲ್ಲಿ ವಾಸಿಸುತ್ತಿದ್ದ ಜನರಿಗೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಕುಳಿತುಕೊಳ್ಳಲು ಒಂದು ಮರದ ನೆರಳು ಬೇಕಾಗಿತ್ತು. ಊರಿನ ಸುತ್ತ ಇದ್ದ ಕಾಡು, ಹೊಳೆದಂಡೆ, ಕಡಲ ಕಿನಾರೆಗಳು ಒಂದೊಂದಾಗಿ ನಿವೇಶನಗಳಾಗುತ್ತಿದ್ದುವು. ವೇವರ್ಲಿ ಎಂಬಲ್ಲಿ ಇದ್ದ ಕೆಲವು ಪುರಾತನ ಓಕ್ ಮರಗಳನ್ನು ಉಳಿಸಬೇಕೆಂದು ಬರೆಯಹೊರಟ ಎಲಿಯಟ್, ಆ ಪತ್ರದಲ್ಲಿ ಅದಕ್ಕಿಂತ ದೊಡ್ಡದಾದ ಒಂದು ಸಲಹೆಯನ್ನು ಮುಂದಿಟ್ಟ. ಗ್ರಂಥಾಲಯವು ಪುಸ್ತಕಗಳನ್ನೂ ಕಲಾಭವನವು ಚಿತ್ರಗಳನ್ನೂ ಸಾರ್ವಜನಿಕರಿಗಾಗಿ ಹಿಡಿದಿಡುವುದಾದರೆ, ಸುಂದರವಾದ ನೆಲವನ್ನು ಅದೇ ರೀತಿಯಲ್ಲಿ ಹಿಡಿದಿಡುವ ಸಂಸ್ಥೆಯೊಂದು ಏಕೆ ಇರಬಾರದು ಎಂಬುದೇ ಅವನ ವಾದ.

ಮರುವರ್ಷವೇ, ಎಂದರೆ 1891ರಲ್ಲಿ, ರಾಜ್ಯದ ಶಾಸನಸಭೆ ಕಾನೂನು ಮಾಡಿ ಆ ಸಂಸ್ಥೆಗೆ ಜನ್ಮ ಕೊಟ್ಟಿತು. ಅದು ಸರಕಾರದ ಇಲಾಖೆಯಲ್ಲ, ಲಾಭದ ಕಂಪನಿಯೂ ಅಲ್ಲ. ರಾಜ್ಯದ ಉದ್ದಗಲಕ್ಕೂ ಎಲ್ಲಿ ಬೇಕಾದರೂ ನೆಲವನ್ನು ದಾನವಾಗಿ ಪಡೆಯಲು, ಕೊಳ್ಳಲು, ಸಾರ್ವಜನಿಕರಿಗಾಗಿ ಇರಿಸಿಕೊಳ್ಳಲು ಅದಕ್ಕೆ ಅಧಿಕಾರ. ಹಾಗೆ ಇರಿಸಿಕೊಂಡ ನೆಲಕ್ಕೆ ಕಂದಾಯದ ವಿನಾಯಿತಿ. ಅದರ ಕೈಸೇರಿದ ಮೊದಲ ಆಸ್ತಿ ಸ್ಟೋನ್‌ಹ್ಯಾಮ್ ಎಂಬ ಊರಿನ 20 ಎಕರೆ ಕಾಡು. ಫ್ಯಾನಿ ಟ್ಯೂಡರ್ ಎಂಬ ತಾಯಿ ತೀರಿಹೋದ ಮಗಳು ವರ್ಜೀನಿಯಾಳ ನೆನಪಿಗೆಂದು ಅದನ್ನು ಕೊಟ್ಟಳು. ಅದಕ್ಕೆ 'ವರ್ಜೀನಿಯಾ ವುಡ್' ಎಂಬ ಹೆಸರಾಯಿತು. ನಾವು ತೀರಿಹೋದವರ ಹೆಸರಿನಲ್ಲಿ ಪೂಜೆ ಹೇಳಿಸುತ್ತೇವೆ, ಬೆಂಚು ಮಾಡಿಸಿ ಕೊಡುತ್ತೇವೆ, ಗಂಟೆ ಮಾಡಿಸುತ್ತೇವೆ. ಕಾಡನ್ನು ಕಾಡಾಗಿಯೇ ಕೊಡುವ ಪರಿಪಾಠ ನಮ್ಮಲ್ಲಿ ಬೆಳೆಯಲಿಲ್ಲ. ಏಕೆ ಬೆಳೆಯಲಿಲ್ಲವೆಂದು ನಾವು ಯೋಚಿಸಿದ್ದುಂಟು. ಕೊಟ್ಟದ್ದು ಕಣ್ಣಿಗೆ ಕಾಣಬೇಕೆಂಬ ಆಸೆ ದಾನಿಗಳಲ್ಲಿ ಸ್ವಾಭಾವಿಕ, ಮತ್ತು ಮರದ ಮೇಲೆ ಅಮೃತಶಿಲೆಯ ಫಲಕವನ್ನು ಹೊಡೆಯಲಾಗುವುದಿಲ್ಲ.

ಎಲಿಯಟ್ 1897ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಮೆದುಳಿನ ಜ್ವರದಿಂದ ತೀರಿಕೊಂಡ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಆಕ್ಟೇವಿಯಾ ಹಿಲ್ ಮತ್ತು ಅವರ ಜೊತೆಗಾರರು ಈ ಮಾದರಿಯನ್ನು ಗಮನಿಸಿ 1895ರಲ್ಲಿ ಅಲ್ಲಿಯ ನ್ಯಾಷನಲ್ ಟ್ರಸ್ಟನ್ನು ಸ್ಥಾಪಿಸಿಯಾಗಿತ್ತು. ಅವನ ಪತ್ರಕ್ಕೆ ಕಾರಣವಾದ ವೇವರ್ಲಿಯ ಓಕ್ ಮರಗಳ ಜಾಗವನ್ನು 1893ರಲ್ಲಿ ಬೋಸ್ಟನ್ ಸುತ್ತಲಿನ ಉದ್ಯಾನಗಳಿಗಾಗಿ ನೇಮಕವಾದ ಸರಕಾರಿ ಆಯೋಗವೇ ವಹಿಸಿಕೊಂಡಿತು. ಆ ಮುದಿ ಮರಗಳು ಇಂದು ಇಲ್ಲ. ಜಾಗ ಇದೆ, ಅಲ್ಲಿ ಬೇರೆ ಮರಗಳಿವೆ.

ಇಂದು ಆ ಸಂಸ್ಥೆಯ ಕೈಯಲ್ಲಿ ರಾಜ್ಯದ ನಾನಾ ಕಡೆಗಳಲ್ಲಿ ಸುಮಾರು 120 ತಾಣಗಳು, ಒಟ್ಟು ಸುಮಾರು 27,000 ಎಕರೆ ನೆಲವಿದೆ. ಅಂಕಿಗಳನ್ನು ಕೇಳಿ ಅದೊಂದು ದೊಡ್ಡ ಜಮೀನ್ದಾರಿಯೆಂದು ತಾವು ಭಾವಿಸಬಾರದು. ಕೊಳ್ಳುವುದು ಆ ಕೆಲಸದ ಒಂದು ಅಂಗ ಮಾತ್ರ. ಒಡೆತನವನ್ನು ಮುಟ್ಟದೆಯೇ ನೆಲವನ್ನು ಕಾಯುವ ಇನ್ನೊಂದು ಉಪಾಯವನ್ನು ಅಲ್ಲಿಯವರು ಕಂಡುಕೊಂಡಿದ್ದಾರೆ. ನಮ್ಮ ಮಟ್ಟಿಗೆ ಕಲಿಯತಕ್ಕದ್ದು ಇರುವುದು ಅಲ್ಲಿಯೇ ಎಂದು ನಮಗೆ ತೋರುತ್ತದೆ.

ಇದನ್ನು ನಮ್ಮ ತೋಪಿನ ಉದಾಹರಣೆಯಿಂದಲೇ ಹೇಳಬಹುದು. ತೋಪಿನ ಹುಣಸೆಯ ಫಸಲನ್ನು ಪ್ರತಿ ವರ್ಷ ನಾವು ಹರಾಜು ಹಾಕುತ್ತೇವೆ. ಮರ ದೇವಾಲಯದ್ದು, ನೆಲ ದೇವಾಲಯದ್ದು, ಆ ವರ್ಷದ ಹಣ್ಣು ಮಾತ್ರ ಗುತ್ತಿಗೆದಾರನದು. ಕೆರೆಯ ಕಡೆಗೆ ಹೋಗುವ ಕಾಲುದಾರಿಯಲ್ಲಿ ಪಕ್ಕದ ಹೊಲದವರಿಗೆ ಓಡಾಡುವ ಹಕ್ಕು ಉಂಟು. ಎಂದ ಮೇಲೆ ಒಡೆತನವೆಂಬುದು ಒಂದೇ ಗಟ್ಟಿಯಾದ ವಸ್ತುವಲ್ಲ; ಅದರೊಳಗೆ ಅನೇಕ ಹಕ್ಕುಗಳು ಸೇರಿಕೊಂಡಿವೆ, ಬೇಕಾದುದನ್ನು ಬಿಡಿಸಿ ಬೇರೆಯವರಿಗೆ ಕೊಡಬಹುದು. ಮ್ಯಾಸಚೂಸೆಟ್ಸಿನ ರೈತನೊಬ್ಬ ತನ್ನ ಜಮೀನಿನಲ್ಲಿ ಮನೆ ಕಟ್ಟುವ, ನಿವೇಶನ ಮಾಡಿ ಮಾರುವ, ಕಲ್ಲುಗಣಿ ತೆಗೆಯುವ ಹಕ್ಕುಗಳನ್ನಷ್ಟೇ ಬಿಡಿಸಿ ಭೂನ್ಯಾಸಕ್ಕೆ ಪತ್ರ ಬರೆದುಕೊಡುತ್ತಾನೆ. ಆ ಹಕ್ಕನ್ನು ಪಡೆದ ಸಂಸ್ಥೆ ಅದನ್ನು ತಾನೂ ಚಲಾಯಿಸದೆ, ಬೇರೆಯವರಿಗೂ ಕೊಡದೆ ಸುಮ್ಮನೆ ಹಿಡಿದುಕೊಂಡಿರುತ್ತದೆ. ರೈತ ಎಂದಿನಂತೆ ಉಳುತ್ತಾನೆ, ಹಸು ಕಟ್ಟುತ್ತಾನೆ, ಮಕ್ಕಳಿಗೆ ಬಿಟ್ಟುಹೋಗುತ್ತಾನೆ, ಬೇಕಾದರೆ ಮಾರುತ್ತಾನೆ. ಆದರೆ ಕೊಂಡವನಿಗೂ ಕೊಂಡವನ ಮೊಮ್ಮಗನಿಗೂ ಆ ಕಟ್ಟು ಅನ್ವಯಿಸುತ್ತದೆ. ಪತ್ರ ನೋಂದಣಿ ಕಚೇರಿಯಲ್ಲಿ ದಾಖಲಾಗಿರುವುದರಿಂದ ಗೊತ್ತಿರಲಿಲ್ಲವೆನ್ನುವಂತಿಲ್ಲ. ಆ ರಾಜ್ಯದಲ್ಲಿ 1969ರಲ್ಲಿ ಇದಕ್ಕೆಂದೇ ಕಾನೂನಾಯಿತು. ಊರಿನ ಆಡಳಿತವೂ ರಾಜ್ಯದ ಪರಿಸರ ಕಾರ್ಯದರ್ಶಿಯೂ ಒಪ್ಪಿ ಸಹಿ ಹಾಕಿದ ಪತ್ರಕ್ಕೆ ಮಾತ್ರ ಆ ಶಾಶ್ವತ ಬಲ. ದಾನ ಕೊಟ್ಟ ಹಕ್ಕಿನ ಬೆಲೆಯನ್ನು ಲೆಕ್ಕ ಹಾಕಿ ಆದಾಯ ತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಡುತ್ತಾರೆ.

ಕಾಗದ ಬರೆದೊಡನೆ ನೆಲ ಉಳಿಯುವುದಾಗಿದ್ದರೆ ನಮ್ಮ ನಾಡಿನ ಗೋಮಾಳಗಳೂ ಕೆರೆಯಂಗಳಗಳೂ ಇಂದು ಈ ಸ್ಥಿತಿಗೆ ಬರುತ್ತಿರಲಿಲ್ಲ. ಅವುಗಳಿಗೆ ದಾಖಲೆಗೇನೂ ಕೊರತೆಯಿರಲಿಲ್ಲ. ಭೂನ್ಯಾಸದವರ ಕೆಲಸದಲ್ಲಿ ನಮಗೆ ಮೆಚ್ಚುಗೆಯಾದುದು ಕಾಗದದ ಮುಂದಿನ ಭಾಗ. ಪತ್ರ ಬರೆಯುವ ದಿನವೇ ಆ ನೆಲದಲ್ಲಿ ಏನೇನಿದೆಯೆಂದು ನಕ್ಷೆ, ಛಾಯಾಚಿತ್ರಗಳ ಸಮೇತ ಒಂದು ದಫ್ತರವನ್ನು ಸಿದ್ಧಪಡಿಸುತ್ತಾರೆ: ಎಲ್ಲಿ ಗೋಡೆ, ಎಲ್ಲಿ ತೊರೆ, ಯಾವ ಮೂಲೆಯಲ್ಲಿ ಯಾವ ಮರ. ಆಮೇಲೆ ವರ್ಷಕ್ಕೊಮ್ಮೆ ಒಬ್ಬರು ಹೋಗಿ ಎಲ್ಲೆಯುದ್ದಕ್ಕೂ ನಡೆದು ಆ ದಫ್ತರದ ಜೊತೆ ತಾಳೆ ನೋಡಿ ವರದಿ ಬರೆಯುತ್ತಾರೆ. ನೆರೆಯವನು ಬೇಲಿಯನ್ನು ನಾಲ್ಕು ಮಾರು ಒಳಕ್ಕೆ ಸರಿಸಿದ್ದರೆ ಅದೇ ವರ್ಷ ತಿಳಿಯುತ್ತದೆ. ಮೂವತ್ತು ವರ್ಷದ ನಂತರವಲ್ಲ. ಈ ನಡೆಯುವವರ ಸಂಬಳಕ್ಕೆ ಹಣ ಬೇಕು. ಆದುದರಿಂದ ನೆಲ ಕೊಡುವವರನ್ನು ಅದನ್ನು ನೋಡಿಕೊಳ್ಳಲು ಒಂದಿಷ್ಟು ಮೂಲಧನವನ್ನೂ ಕೊಡಿರೆಂದು ಸಂಕೋಚವಿಲ್ಲದೆ ಕೇಳುತ್ತಾರೆ; ಅದರ ಬಡ್ಡಿಯಲ್ಲಿ ಕಾವಲು ನಡೆಯುತ್ತದೆ. ಕೋರ್ಟಿಗೆ ಹೋಗಬೇಕಾಗಿ ಬಂದರೆ ಸಣ್ಣ ಸಂಸ್ಥೆಗಳು ವಕೀಲರ ಖರ್ಚಿನಲ್ಲಿಯೇ ಮುಳುಗಿಹೋಗುತ್ತವೆಂದು ಆ ದೇಶದ ಭೂನ್ಯಾಸಗಳೆಲ್ಲ ಕೂಡಿ ತಮ್ಮದೇ ಒಂದು ವಿಮಾ ಕಂಪನಿಯನ್ನು ಕಟ್ಟಿಕೊಂಡಿವೆ. 2013ರಿಂದ ಅದು ನಡೆಯುತ್ತಿದೆ.

ಕಾವಲೆಂದರೆ ಎಲ್ಲೆ ಕಾಯುವುದಷ್ಟೇ ಅಲ್ಲ. ಇಪ್ಸ್‌ವಿಚ್ ಎಂಬಲ್ಲಿ ಆ ಸಂಸ್ಥೆಗೆ ಸೇರಿದ ಒಂದು ಸೊಗಸಾದ ಕಡಲತೀರವಿದೆ. ಬೇಸಿಗೆಯಲ್ಲಿ ಜನ ಕಿಕ್ಕಿರಿದು ಬರುತ್ತಾರೆ. ಅದೇ ಋತುವಿನಲ್ಲಿ ಪೈಪಿಂಗ್ ಪ್ಲೋವರ್ ಎಂಬ ಪುಟ್ಟ ಹಕ್ಕಿ ಬರಿಯ ಮರಳಿನ ಮೇಲೆ ಮೊಟ್ಟೆಯಿಡುತ್ತದೆ. ನಮ್ಮ ಕೆರೆಯಂಗಳದ ಟಿಟ್ಟಿಭದ ಕುಟುಂಬಕ್ಕೆ ಸೇರಿದ ಹಕ್ಕಿ ಅದು. 1986ರಿಂದ ಅಮೆರಿಕದ ಕಾನೂನು ಅದನ್ನು ಅಪಾಯಕ್ಕೊಳಗಾದ ಜೀವಿಯೆಂದು ಪಟ್ಟಿಮಾಡಿದೆ. ಜನರಿಗೂ ಹಕ್ಕಿಗೂ ಬೇಕಾದದ್ದು ಅದೇ ಮರಳು. ಸಂಸ್ಥೆಯವರು ಗೂಡಿರುವ ಕಡೆ ಹಗ್ಗ ಕಟ್ಟಿ, ಫಲಕ ನೆಟ್ಟು, ಮರಿಗಳು ಹಾರುವ ತನಕ ಆ ಭಾಗವನ್ನು ಮುಚ್ಚಿಡುತ್ತಾರೆ. ಬಂದವರಲ್ಲಿ ಗೊಣಗುವವರೂ ಇರುತ್ತಾರೆ.

ಇನ್ನೊಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ಭಾಷಣಕ್ಕೆ ಪ್ರೇರಣೆ ಅದೇ. ಬೋಸ್ಟನ್ನಿನ ದಕ್ಷಿಣಕ್ಕೆ ಹಿಂಗಮ್ ಎಂಬ ಊರಿನಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ 251 ಎಕರೆಯ ಗುಡ್ಡಗಾಡಿದೆ. ಅದರ ಹೆಸರು 'ವರ್ಲ್ಡ್ಸ್ ಎಂಡ್', ಎಂದರೆ ಲೋಕದ ಕೊನೆ. ನಮ್ಮಲ್ಲಿ ಕೆಲವರು ಮಕ್ಕಳ ಮನೆಗೆಂದು ಆ ಕಡೆ ಹೋದಾಗ ಅಲ್ಲಿ ನಡೆದಾಡಿ ಬಂದಿದ್ದೇವೆ. ಎರಡು ಕಡೆ ಮರಗಳ ಸಾಲುಳ್ಳ ಅಗಲವಾದ ದಾರಿ ಗುಡ್ಡವನ್ನು ಬಳಸಿಕೊಂಡು ಏರುತ್ತದೆ. ದಾರಿಯ ಅಂದವನ್ನು ನೋಡಿ ಇದನ್ನು ಯಾವುದೋ ರಾಜನ ಅರಮನೆಗೆಂದು ಮಾಡಿದ್ದಿರಬೇಕೆಂದುಕೊಂಡೆವು. ಅರಮನೆಗೆ ಅಲ್ಲ, ಬಡಾವಣೆಗೆ! 1889ರ ಸುಮಾರಿಗೆ ಜಮೀನಿನ ಒಡೆಯ ಅಲ್ಲಿ 163 ಮನೆಗಳ ಬಡಾವಣೆಯನ್ನು ಯೋಚಿಸಿ, ಎಲಿಯಟ್ಟನ ಗುರುವಾದ ಅದೇ ಓಲ್ಮ್‌ಸ್ಟೆಡ್ ಅವರಿಂದ ನಕ್ಷೆ ಮಾಡಿಸಿದ. ದಾರಿಗಳನ್ನು ತೆಗೆದರು, ಸಾಲುಮರಗಳನ್ನು ನೆಟ್ಟರು. ಮನೆಗಳು ಮಾತ್ರ ಏಳಲೇ ಇಲ್ಲ. ಗುಡ್ಡ ಹೊಲವಾಗಿಯೇ ಉಳಿಯಿತು. 1945ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಚೇರಿಗೆ ಜಾಗ ಹುಡುಕುತ್ತಿದ್ದಾಗ ಈ ಗುಡ್ಡದ ಹೆಸರೂ ಬಂದಿತ್ತು. 1965ರಲ್ಲಿ ಇಲ್ಲಿ ಅಣುವಿದ್ಯುತ್ ಸ್ಥಾವರವಾಗಬಹುದೆಂಬ ಮಾತು ಹುಟ್ಟಿತು.

ಮೂರು ಸಲ ತಪ್ಪಿಸಿಕೊಂಡ ನೆಲ ನಾಲ್ಕನೆಯ ಸಲ ತಪ್ಪಿಸಿಕೊಳ್ಳುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. 1967ರಲ್ಲಿ ಹಿಂಗಮ್ ಮತ್ತು ಅಕ್ಕಪಕ್ಕದ ಊರುಗಳ ಜನ ವಂತಿಗೆ ಎತ್ತಿದರು. ಆ ಹಣದಿಂದ ಭೂನ್ಯಾಸವು ಗುಡ್ಡವನ್ನು ಕೊಂಡಿತು. ವಂತಿಗೆಯೆಂಬ ಮಾತು ನಮಗೆ ಹೊಸದಲ್ಲ. ಈ ದೇವಾಲಯದ ಗೋಡೆ ಎದ್ದದ್ದೂ ವಂತಿಗೆಯಿಂದಲೇ. ರಾಗಿಯಾಗಿ, ಕೋಳಿಯಾಗಿ, ಒಂದೊಂದು ದಿನದ ಕೂಲಿಯಾಗಿ ಬಂದ ವಂತಿಗೆಯೆಂದು ಹಿರಿಯರು ಹೇಳುತ್ತಾರೆ. ಆದರೆ ಆ ಊರಿನ ಜನ ಹಣ ಕೂಡಿಸಿದ್ದು ಏನನ್ನೂ ಕಟ್ಟಿಸುವುದಕ್ಕಲ್ಲ. ಆ ಗುಡ್ಡದಲ್ಲಿ ಏನನ್ನೂ ಕಟ್ಟದಿರುವುದಕ್ಕಾಗಿ ಕೂಡಿಸಿದರು. ಇದನ್ನು ಅಲ್ಲಿ ನಿಂತು ಕೇಳಿದಾಗ ನಮಗೆ ನಮ್ಮ ತೋಪಿನ ನೆನಪಾಯಿತು.

ಎಲ್ಲವೂ ದಾನದಿಂದಲೇ ನಡೆಯುತ್ತದೆಂದೂ ಹೇಳಲಾಗದು. ಅದೇ ರಾಜ್ಯಕ್ಕೆ ಸೇರಿದ ನಾಂಟಕೆಟ್ ಎಂಬ ದ್ವೀಪದಲ್ಲಿ 1983ರಿಂದ, ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ 1986ರಿಂದ ಒಂದು ಕ್ರಮವಿದೆ. ಯಾರೇ ಅಲ್ಲಿ ಮನೆಯನ್ನೋ ನಿವೇಶನವನ್ನೋ ಕೊಂಡರೆ ಕ್ರಯದ ನೂರಕ್ಕೆ ಎರಡು ಪಾಲನ್ನು ಭೂನಿಧಿಗೆ ಕಟ್ಟಬೇಕು. ಆ ಹಣದಿಂದ ತೆರೆದ ಬಯಲುಗಳನ್ನೂ ಕಡಲ ದಾರಿಗಳನ್ನೂ ಕೊಂಡು ಉಳಿಸುತ್ತಾರೆ.

ಇಷ್ಟೆಲ್ಲ ಹೊಗಳಿದ ಮೇಲೆ ದೋಷಗಳನ್ನು ಮುಚ್ಚಿಟ್ಟರೆ ತಮಗೆ ಮೋಸ ಮಾಡಿದಂತಾದೀತು. ತೆರಿಗೆ ರಿಯಾಯಿತಿಯ ಆಸೆಗಾಗಿ ಜಮೀನಿನ ಬೆಲೆಯನ್ನು ಮನಬಂದಂತೆ ಏರಿಸಿ ತೋರಿಸಿ, ಪಾಲುದಾರರನ್ನು ಸೇರಿಸಿಕೊಂಡು ಇದನ್ನೊಂದು ವ್ಯಾಪಾರವಾಗಿಯೇ ನಡೆಸಿದವರು ಆ ದೇಶದಲ್ಲಿದ್ದಾರೆ; 2022ರ ಕೊನೆಯಲ್ಲಿ ಅಲ್ಲಿಯ ಸಂಸತ್ತು ಕಾನೂನು ಮಾಡಿ ಅದಕ್ಕೆ ಕಡಿವಾಣ ಹಾಕಬೇಕಾಯಿತು. ಶ್ರೀಮಂತರ ಊರುಗಳಲ್ಲಿ ಬಯಲು ಉಳಿಸುವ ನೆವದಲ್ಲಿ ಬಡವರ ಮನೆಗಳಿಗೆ ಜಾಗವಿಲ್ಲದಂತೆ ಮಾಡುತ್ತಾರೆಂಬ ದೂರಿನಲ್ಲಿಯೂ ಸತ್ಯಾಂಶವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಇಂದು ದಾನವಾಗಿ ಕೊಡುತ್ತಿರುವ ಆ ನೆಲ ಮೊದಲಿಗೆ ಯಾರದ್ದು? ಬಿಳಿಯರು ಬರುವ ಮೊದಲು ಅಲ್ಲಿ ವಾಂಪನೋಗ್ ಮೊದಲಾದ ಮೂಲನಿವಾಸಿ ಕುಲಗಳವರು ಬದುಕಿದ್ದರು. ಅವರನ್ನು ತಳ್ಳಿ ಪಡೆದ ನೆಲದ ಮೇಲೆ ಬರೆದ ದಾನಪತ್ರಗಳಿವು. ಅದೇ ಕುಲದವರು ಮುಂದೆ ನಿಂತು 2012ರಲ್ಲಿ ಮ್ಯಾಶ್‌ಪಿ ಎಂಬಲ್ಲಿ ತಮ್ಮದೇ ಭೂನ್ಯಾಸವೊಂದನ್ನು ಕಟ್ಟಿಕೊಂಡಿದ್ದಾರೆ. ಕಳೆದುಕೊಂಡ ನೆಲವನ್ನು ಅವರು ಈಗ ದಾನವಾಗಿ ಪಡೆಯಬೇಕಾಗಿ ಬಂದಿರುವುದನ್ನು ಯೋಚಿಸಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಇನ್ನು ನಮ್ಮ ಧರ್ಮಸಭೆಯ ಮಾತಿಗೆ ಬರೋಣ. ಅಮೆರಿಕದ ಅನೇಕ ಕನ್ಯಾಮಠಗಳಲ್ಲಿ ಇಂದು ಹೊಸ ಭಗಿನಿಯರು ಬಹಳ ವಿರಳ. ಇರುವವರಿಗೆ ವಯಸ್ಸಾಗಿದೆ. ತಮ್ಮ ನಂತರ ಮಠದ ಜಮೀನು ಏನಾಗುವುದೆಂಬ ಚಿಂತೆ ಅವರನ್ನು ಭೂನ್ಯಾಸಗಳ ಬಾಗಿಲಿಗೆ ಕರೆದೊಯ್ದಿದೆ. ಕೆಂಟಕಿ ರಾಜ್ಯದಲ್ಲಿ 1812ರಲ್ಲಿ ಸ್ಥಾಪನೆಯಾದ ಲೊರೆಟ್ಟೊ ಭಗಿನಿಯರ ಸಂಸ್ಥೆಯಿದೆ. 2013ರಲ್ಲಿ ಒಂದು ಕಂಪನಿಯವರು ಕೊಳವೆ ಮಾರ್ಗಕ್ಕಾಗಿ ಮಾತೃಮಠದ ಜಮೀನನ್ನು ಅಳೆಯಲು ಕೇಳಿದಾಗ ವಯೋವೃದ್ಧೆಯರಾದ ಆ ಭಗಿನಿಯರು ಒಪ್ಪಲಿಲ್ಲ. ಪಕ್ಕದ ಗೆತ್ಸೆಮನಿ ಆಶ್ರಮದ ಟ್ರಾಪಿಸ್ಟ್ ಸಂನ್ಯಾಸಿಗಳೂ ಒಪ್ಪಲಿಲ್ಲ. ಮರುವರ್ಷ ಆ ಯೋಜನೆಯನ್ನೇ ನಿಲ್ಲಿಸಲಾಯಿತು. ಅದಾದ ಮೇಲೆ ಭಗಿನಿಯರು ಮಾತೃಮಠದ ಜಮೀನಿನ ಬಹುಭಾಗವನ್ನು ಅಲ್ಲಿಯ ಪ್ರಾದೇಶಿಕ ಭೂನ್ಯಾಸದ ರಕ್ಷಣೆಗೆ ಒಪ್ಪಿಸಿ ಪತ್ರ ಬರೆದರು. ನ್ಯೂಯಾರ್ಕಿನ ಹಡ್ಸನ್ ನದಿಯ ದಂಡೆಯಲ್ಲಿರುವ ಡೊಮಿನಿಕನ್ ಭಗಿನಿಯರೂ ತಮ್ಮ ನೆಲಕ್ಕೆ ಇಂತಹದೇ ಏರ್ಪಾಡು ಮಾಡಿದ್ದಾರೆ. ನಿವೇಶನ ಮಾಡಿ ಮಾರಿದ್ದರೆ ವೃದ್ಧಾಪ್ಯದ ಖರ್ಚಿಗೆ ಬಹಳ ಹಣ ಬರುತ್ತಿತ್ತೆಂಬುದು ಅವರಿಗೆ ತಿಳಿಯದ ವಿಷಯವಲ್ಲ.

ಸಂತ ಅಸ್ಸಿಸಿಯ ಫ್ರಾನ್ಸಿಸರನ್ನು ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1979ರಲ್ಲಿ ಪರಿಸರದ ಪಾಲಕ ಸಂತರೆಂದು ಘೋಷಿಸಿದುದನ್ನೂ, ಫ್ರಾನ್ಸಿಸ್ ಜಗದ್ಗುರುಗಳು 2015ರಲ್ಲಿ 'ಲೌದಾತೊ ಸೀ' ಎಂಬ ಪರಿಪತ್ರವನ್ನು ಹೊರಡಿಸಿದುದನ್ನೂ ತಾವು ಪ್ರವಚನಗಳಲ್ಲಿ ಕೇಳಿದ್ದೀರಿ. ನಮಗೆ ಇಲ್ಲಿ ಅವುಗಳಿಗಿಂತ ಹತ್ತಿರದ್ದಾಗಿ ಕಂಡದ್ದು ಧರ್ಮಸಭೆಯ 1983ರ ಕಾನೂನು ಸಂಹಿತೆ. ನಿರ್ದಿಷ್ಟ ಉದ್ದೇಶಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಮಾತ್ರ ವಿನಿಯೋಗಿಸಬೇಕೆಂದು ಅದರ 1267ನೆಯ ವಿಧಿ ಹೇಳುತ್ತದೆ. ಸತ್ಕಾರ್ಯಕ್ಕಾಗಿ ಆಸ್ತಿ ಬಿಟ್ಟುಹೋದವರ ಇಚ್ಛೆಯನ್ನು ಅತ್ಯಂತ ಶ್ರದ್ಧೆಯಿಂದ ನೆರವೇರಿಸಬೇಕೆಂದು 1300ನೆಯ ವಿಧಿ ಹೇಳುತ್ತದೆ. ಇದನ್ನು ಓದಿದಾಗ ಎಲಿಯಟ್ ಎಂಬ ಪ್ರಾಟೆಸ್ಟಂಟ್ ತರುಣ ಹುಡುಕಿದ ಉಪಾಯದ ತಿರುಳು ನಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಬಹಳ ಕಾಲದಿಂದ ಇತ್ತಲ್ಲವೆ ಎಂದು ನಗು ಬಂತು. ಅರಸ ಅಹಾಬನು ಕೇಳಿದಷ್ಟು ಬೆಲೆ ಕೊಡುತ್ತೇನೆಂದರೂ ಪಿತೃಗಳ ದ್ರಾಕ್ಷಿತೋಟವನ್ನು ಕೊಡೆನೆಂದು ನಿಂತ ನಾಬೋತನ ಕಥೆಯನ್ನೂ ನಾವು ಬಾಲ್ಯದಿಂದ ಕೇಳಿದವರೇ.

ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಆಸ್ಪದವಿದೆಯೆ? ನಾವು ವಕೀಲರಲ್ಲ, ತಿಳಿದವರನ್ನು ಕೇಳಿ ಅರಿತಷ್ಟನ್ನು ಹೇಳುತ್ತೇವೆ. ಅಮೆರಿಕದ ಆ ಪತ್ರಕ್ಕೆ ಸರಿಸಮನಾದುದು ನಮ್ಮಲ್ಲಿಲ್ಲ. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಒಂದು ಜಮೀನಿನ ಮೇಲಿನ ಅಂತಹ ಹಕ್ಕು ಮತ್ತೊಂದು ಜಮೀನಿನ ಅನುಕೂಲಕ್ಕಾಗಿ ಇರಬೇಕು: ದಾರಿ, ನೀರು, ಗಾಳಿ, ಬೆಳಕು. ಪಕ್ಕದಲ್ಲಿ ಜಮೀನಿಲ್ಲದ ಸಂಸ್ಥೆಗೆ ಅದು ದೊರೆಯದು. ಆದರೆ ಅದೇ ವರ್ಷದ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ ಇನ್ನೊಂದು ದಾರಿ ತೆರೆದಿದೆ. ಆಸ್ತಿಯನ್ನು ತಲೆತಲಾಂತರಕ್ಕೂ ಕಟ್ಟಿಹಾಕಕೂಡದೆಂಬ ಸಾಮಾನ್ಯ ನಿಯಮವನ್ನು ಹೇಳಿ, ಧರ್ಮ, ಜ್ಞಾನ, ಆರೋಗ್ಯ ಮೊದಲಾಗಿ ಮನುಕುಲದ ಹಿತಕ್ಕಾಗಿ ಸಾರ್ವಜನಿಕರಿಗೆಂದು ಕೊಟ್ಟ ಆಸ್ತಿಗೆ ಆ ನಿಯಮ ತಗಲದೆಂದು 18ನೆಯ ಪ್ರಕರಣ ಹೇಳುತ್ತದೆ. ಕೊಂಡು ಉಳಿಸಿದ ಉದಾಹರಣೆಯೂ ನಮ್ಮ ರಾಜ್ಯದಲ್ಲಿಯೇ ಇದೆ. ಕೊಳ್ಳೇಗಾಲದ ಕಡೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಹೊರದೇಶದ ಸಹಾಯನಿಧಿಯ ನೆರವಿನಿಂದ ಸುಮಾರು 25 ಎಕರೆ ಖಾಸಗಿ ಜಮೀನನ್ನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಲೆಮಹದೇಶ್ವರ ಬೆಟ್ಟದ ಕಡೆಯ ಕಾಡಿಗೂ ನಡುವೆ ಆನೆಗಳು ಹಾದುಹೋಗುವ ಇಕ್ಕಟ್ಟಾದ ಪಟ್ಟಿ ಅದು. 25 ಎಕರೆಯೆಂದರೆ ಕಾಡಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಬಾಗಿಲಿನ ಅಗಲ ಎಷ್ಟೇ ಇದ್ದರೂ ಮುಚ್ಚಿದರೆ ಮನೆಯೇ ಮುಚ್ಚಿದ ಹಾಗೆ.

ಈಗ ತೋಪಿಗೆ ಮರಳೋಣ. ಪ್ಲೇಗಿನ ವರ್ಷ ಊರು ಬಿಟ್ಟ ಕುಟುಂಬಗಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದುವಂತೆ. ಶುಭ ಶುಕ್ರವಾರದ ಶಿಲುಬೆಯ ಹಾದಿ ನಡೆಯುವುದು ಅಲ್ಲಿಯೇ. ಹದಿನಾಲ್ಕು ಸ್ಥಳಗಳಲ್ಲಿ ಒಂಬತ್ತಕ್ಕೆ ಹುಣಸೆ ಮರಗಳೇ ಗುರುತು. ಸುತ್ತಲಿನ ಬಡಾವಣೆಗಳ ಮಕ್ಕಳು, ಎಲ್ಲ ಮತದವರೂ, ಸಂಜೆ ಆಡುವುದು ಅಲ್ಲಿಯೇ, ಏಕೆಂದರೆ ಆ ಬಡಾವಣೆಗಳಲ್ಲಿ ಆಟಕ್ಕೆಂದು ಬಿಟ್ಟ ಜಾಗ ನಕ್ಷೆಯಲ್ಲಿ ಮಾತ್ರ ಉಳಿದಿದೆ. ಕಳೆದ ತಿಂಗಳು ನಾಲ್ಕು ಮಂದಿ ಸೇರಿ ನಾವು ತೋಪಿನ ಎಲ್ಲೆಯನ್ನು ಸುತ್ತಿ ನೋಡಿದೆವು. ಹಳೆಯ ನಕ್ಷೆಯಲ್ಲಿರುವ ಬಾಂದುಕಲ್ಲುಗಳಲ್ಲಿ ಎರಡು ನಮಗೆ ಸಿಕ್ಕಲಿಲ್ಲ. ಕೆರೆಯ ಬದಿಯಲ್ಲಿ ಯಾರದೋ ಕಾಂಪೌಂಡು ಗೋಡೆ ನಮ್ಮ ಲೆಕ್ಕಕ್ಕಿಂತ ಒಳಗೆ ಬಂದಿರುವಂತೆ ತೋರಿತು. ಅದು ಎಂದು ಬಂತು? ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಾವು ಪ್ರತಿ ಭಾನುವಾರ ಅದರ ಮುಂದೆಯೇ ಹಾದು ಬರುವವರು.

ಈ ತೋಪನ್ನು ದೇವಾಲಯಕ್ಕೆ ಕೊಟ್ಟವರು ಬರೆದ ದಾನಪತ್ರವೊಂದಿದೆ. ಅದರಲ್ಲಿ ಏನಿದೆಯೆಂದು ತಪಸ್ಸುಕಾಲದ ಸಭೆಯಲ್ಲಿ ಎರಡು ಕಡೆಯವರೂ ಜೋರಾಗಿ ವಾದಿಸಿದೆವು. ಓದಿದವರು ನಮ್ಮಲ್ಲಿ ಯಾರೂ ಇರಲಿಲ್ಲ. 'ಭಕ್ತರ ನೆರಳಿಗಾಗಿ' ಎಂದು ಬರೆದಿದೆಯೆಂದು ಕೆಲವರ ನೆನಪು. 'ದೇವಾಲಯದ ಆದಾಯಕ್ಕಾಗಿ' ಎಂದು ಕೆಲವರ ನೆನಪು. ಮೊದಲನೆಯದಾಗಿದ್ದರೆ ನಮ್ಮ ಕೈ ಕಟ್ಟಿದೆ. ಎರಡನೆಯದಾಗಿದ್ದರೆ ಅಂಗಡಿಗಳನ್ನು ಬಯಸಿದವರ ಮಾತಿಗೆ ನ್ಯಾಯವಾದ ಬಲವಿದೆಯೆಂದು ಒಪ್ಪಿಕೊಂಡೇ ನಾವು ಮುಂದಿನ ಮಾತನ್ನು ಆಡಬೇಕಾಗುತ್ತದೆ. ಹೇಗಿದ್ದರೂ ಸ್ಥಿರಾಸ್ತಿಯ ಪರಭಾರೆಗೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಆ ಅನುಮತಿಯನ್ನು ಕೇಳುವ ಮೊದಲು ಕೊಟ್ಟವರ ಮಾತು ನಮಗೆ ತಿಳಿದಿರಬೇಕು.

ಗುರುಗಳ ಅಪ್ಪಣೆಯಂತೆ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲಿಗೆ ಅರ್ಜಿ ಹಾಕಲಾಗಿದೆ. ಅದು ಬಂದ ಮೊದಲ ಭಾನುವಾರ ಎರಡನೆಯ ಪೂಜೆಯ ನಂತರ ಶಾಲೆಯ ಸಭಾಂಗಣದಲ್ಲಿ ಎಲ್ಲರ ಮುಂದೆ ಅದನ್ನು ಓದಲಾಗುವುದು. ಹಳೆಯ ಕೈಬರಹವನ್ನು ಸರಾಗವಾಗಿ ಓದಬಲ್ಲ ಹಿರಿಯರು ದಯಮಾಡಿ ಅಂದು ತಪ್ಪದೆ ಬರಬೇಕು, ಕನ್ನಡಕವನ್ನು ಮರೆಯದೆ ತರಬೇಕು. ಬಾಂದುಕಲ್ಲುಗಳನ್ನು ಕಂಡ ನೆನಪು ಯಾರಿಗಾದರೂ ಇದ್ದರೆ ನಮಗೆ ಇಂದೇ ತಿಳಿಸಬಹುದು.